ಒಗ್ಗರಣೆಗೆ ಯಾವ ಆಲಿವ್ ಎಣ್ಣೆ?

ಆಲಿವ್ ಎಣ್ಣೆ ಬಗ್ಗೆ ನಮ್ಮಲ್ಲಿ ಎರಡು ಮಾತು ಓಡಾಡುತ್ತಿವೆ. "ಅದನ್ನ ಕಾಯಿಸಲೇಬಾರದು" ಅನ್ನೋದು ಒಂದು. "ಆಲಿವ್ ಅಂದ್ಮೇಲೆ ಹೃದಯಕ್ಕೆ ಒಳ್ಳೇದು, ಯಾವ ಬಾಟಲಿ ಆದ್ರೇನು" ಅನ್ನೋದು ಇನ್ನೊಂದು. ಎರಡೂ ತಪ್ಪು. ಮೊದಲನೆಯದರಿಂದ ಸುಮ್ಮನೆ ಭಯ. ಎರಡನೆಯದರಿಂದ ದುಡ್ಡೂ ಹಾಳು, ಸಿಗದ ಗುಣ ಸಿಕ್ಕಿತೆಂಬ ಭ್ರಮೆಯೂ ಉಳಿಯುತ್ತದೆ. ಒಗ್ಗರಣೆಗೆ, ಕರಿಯಲು ಹೊಂದುವುದು ರಿಫೈನ್ಡ್ ಆಲಿವ್ ಎಣ್ಣೆ.

ಅಂಗಡಿಯ ಒಂದೇ ಸಾಲಿನಲ್ಲಿ ಒಂದೇ ಹಸಿರು ಕಾಯಿಯ ಚಿತ್ರ ಹೊತ್ತ ಬಾಟಲಿಗಳಲ್ಲಿ ಇರುವುದು ಬೇರೆ ಬೇರೆ ಎಣ್ಣೆ. ಹಣ್ಣನ್ನು ಅರೆದು, ಆ ಮುದ್ದೆಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಬೇರ್ಪಡಿಸಿದ್ದು ವರ್ಜಿನ್ ಎಣ್ಣೆ. ಅದರಲ್ಲಿ ಬಿಡಿ ಕೊಬ್ಬಿನಾಮ್ಲ (ಕೊಬ್ಬು ಒಡೆದಾಗ ಬೇರೆಯಾಗುವ ಆಮ್ಲ) ನೂರು ಗ್ರಾಂಗೆ 0.8 ಗ್ರಾಂ ದಾಟದೆ, ರುಚಿ ನೋಡುವ ತಜ್ಞರ ನಾಲಿಗೆಗೆ ಯಾವ ದೋಷವೂ ಸಿಗದೆ ಇದ್ದರೆ ಅದು ಎಕ್ಸ್‌ಟ್ರಾ ವರ್ಜಿನ್. ಆದರೆ ಸ್ಪೇನಿನ ಹಾಯೆನ್‌ನಂಥ, ಕಣ್ಣು ಹಾಯಿಸಿದಷ್ಟೂ ಆಲಿವ್ ತೋಟವೇ ಇರುವ ಪ್ರಾಂತ್ಯದಲ್ಲೂ ಎಲ್ಲ ಹಣ್ಣು ಹಾಗೆ ಬರುವುದಿಲ್ಲ. ನೆಲಕ್ಕೆ ಬಿದ್ದದ್ದು, ನೊಣ ಕುಟುಕಿದ್ದು, ಗಾಣಕ್ಕೆ ಹೋಗುವ ಮೊದಲು ರಾಶಿಯಲ್ಲೇ ಹುಳಿತದ್ದು ಇರುತ್ತದೆ. ಅದರಿಂದ ಬರುವ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚು, ಮುಗ್ಗಲು ವಾಸನೆ ಬೇರೆ. ಇದನ್ನು ಲಾಂಪಾಂಟೆ ಎನ್ನುತ್ತಾರೆ. ಹಾಗೇ ತಿನ್ನಲು ಬರುವುದಿಲ್ಲ. ರಿಫೈನರಿಗೆ ಹೋಗುವುದು ಮುಖ್ಯವಾಗಿ ಇದು.

ಅಲ್ಲಿ ಮೊದಲು ಅಂಟು ಪದಾರ್ಥ ತೆಗೆಯುತ್ತಾರೆ. ಆಮೇಲೆ ಕಾಸ್ಟಿಕ್ ಸೋಡಾ ದ್ರಾವಣ ಹಾಕಿದಾಗ ಬಿಡಿ ಆಮ್ಲಗಳು ಸೋಪಾಗಿ ಬೇರೆಯಾಗುತ್ತವೆ. ಬಣ್ಣ ಹೀರಲು ವಿಶೇಷ ಜೇಡಿಮಣ್ಣು. ಕೊನೆಗೆ ನಿರ್ವಾತದಲ್ಲಿ 200 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ಎಬ್ಬಿಸಿ ಕಳಿಸುತ್ತಾರೆ. ಉಳಿಯುವುದು ಬಿಡಿ ಆಮ್ಲ ನೂರು ಗ್ರಾಂಗೆ 0.3 ಗ್ರಾಂ ದಾಟದ, ತಿಳಿಹಳದಿ ಬಣ್ಣದ, ಹೆಚ್ಚುಕಡಿಮೆ ರುಚಿಯೇ ಇಲ್ಲದ ಎಣ್ಣೆ. ಇದೇ ರಿಫೈನ್ಡ್ ಆಲಿವ್ ಎಣ್ಣೆ.

ಈ ದಾರಿಯಲ್ಲಿ ಏನು ಹೋಯಿತು, ಏನು ಉಳಿಯಿತು ಅನ್ನುವುದೇ ಮುಖ್ಯ. ಗಂಟಲಲ್ಲಿ ಸಣ್ಣಗೆ ಖಾರ ಹತ್ತಿಸುವ ಪಾಲಿಫಿನಾಲ್ ಎಂಬ ಹಣ್ಣಿನ ಅಂಶಗಳು ಬಹುಪಾಲು ಹೋದವು, ವಿಟಮಿನ್ ಇ ಕೂಡ ಕಡಿಮೆಯಾಯಿತು. ಕೊಬ್ಬಿನ ರಚನೆ ಮಾತ್ರ ಹಾಗೇ ಇದೆ: ಸಾಮಾನ್ಯವಾಗಿ 55ರಿಂದ 83 ಶೇಕಡಾ ಓಲಿಯಿಕ್ ಆಮ್ಲ; ಇದು ಬಿಡಿಯಾಗಿರದೆ ಕೊಬ್ಬಿನೊಳಗೇ ಕೂಡಿಕೊಂಡಿರುತ್ತದೆ. ಬಿಸಿಯಲ್ಲಿ ಇದು ಸೂರ್ಯಕಾಂತಿಯಲ್ಲಿ ಹೆಚ್ಚಿರುವ ಲಿನೋಲಿಯಿಕ್ ಆಮ್ಲಕ್ಕಿಂತ ನಿಧಾನವಾಗಿ ಕೆಡುತ್ತದೆ. ಬಿಡಿ ಆಮ್ಲ ತೆಗೆದಿರುವುದರಿಂದ ಬೇಗ ಹೊಗೆಯೂ ಆಡುವುದಿಲ್ಲ. ಸಾಮಾನ್ಯವಾಗಿ 200 ಡಿಗ್ರಿ ದಾಟಬೇಕು. ನಮ್ಮ ಬೋಂಡಾ ಬೇಯುವುದು 170–180ರಲ್ಲಿ. ಹಾಗಾಗಿ ಕಾಯಿಸುವ ಕೆಲಸಕ್ಕೆ ಇದು ಒಳ್ಳೆಯ ಎಣ್ಣೆ, ಆದರೆ ಎಕ್ಸ್‌ಟ್ರಾ ವರ್ಜಿನ್ ಬಗ್ಗೆ ಓದಿದ ಗುಣಗಳನ್ನೆಲ್ಲ ಇದರ ತಲೆಗೆ ಕಟ್ಟಬೇಡಿ. ಎಕ್ಸ್‌ಟ್ರಾ ವರ್ಜಿನ್ ಕೂಡ ಬಾಣಲೆಗೆ ಬಿದ್ದ ಕೂಡಲೇ ವಿಷವಾಗುವುದಿಲ್ಲ; ಕೊಟ್ಟ ದುಡ್ಡಿನ ಪರಿಮಳ ಹಾರಿಹೋಗುತ್ತದೆ, ಅಷ್ಟೆ.

ಬಾಟಲಿಯ ಮುಂದೆ ದೊಡ್ಡದಾಗಿ ಬರೆದದ್ದನ್ನು ಬಿಟ್ಟು ಹಿಂದೆ ಸಣ್ಣಕ್ಷರದಲ್ಲಿರುವುದನ್ನು ಓದಿ. "ಲೈಟ್", "ಎಕ್ಸ್‌ಟ್ರಾ ಲೈಟ್" ಅಂದರೆ ರುಚಿ, ಬಣ್ಣ ಹಗುರ ಎಂದಷ್ಟೇ. ಬಹುಪಾಲು ರಿಫೈನ್ಡ್ ಎಣ್ಣೆ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಉಳಿದೆಲ್ಲ ಎಣ್ಣೆಗಳಂತೆಯೇ. ತೂಕ ಇಳಿಸಲು ಇದನ್ನು ಧಾರಾಳವಾಗಿ ಸುರಿಯುವವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ. "ಪ್ಯೂರ್" ಅಥವಾ ಬರೀ "ಆಲಿವ್ ಆಯಿಲ್" ಎಂದಿದ್ದರೆ ರಿಫೈನ್ಡ್‌ಗೆ ಸ್ವಲ್ಪ ವರ್ಜಿನ್ ಬೆರೆಸಿದ್ದು. ಸ್ಪೇನಿನ ಮನೆಗಳಲ್ಲಿ ಕರಿಯಲು ಇಂಥದ್ದನ್ನೇ ಬಳಸುವುದು ಮಾಮೂಲು. ಅಲ್ಲಿನ ಬಾಟಲಿ ಮೇಲೆ ಆಮ್ಲದ ಅಂಕಿ 0.4 ಎಂದಿದ್ದರೆ ಸೌಮ್ಯ, 1 ಎಂದಿದ್ದರೆ ರುಚಿ ಜಾಸ್ತಿ.

"ಪೋಮೇಸ್" ಬೇರೆಯೇ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯನ್ನು ಒಣಗಿಸಿ, ಹೆಕ್ಸೇನ್‌ನಂಥ ದ್ರಾವಕದಿಂದ ಕೊನೆಯ ಹನಿಯನ್ನೂ ಎಳೆದು, ರಿಫೈನ್ ಮಾಡಿ, ಸ್ವಲ್ಪ ವರ್ಜಿನ್ ಸೇರಿಸಿದ ಎಣ್ಣೆ. 2001ರಲ್ಲಿ ಬೆಂಜೋಪೈರೀನ್ ಎಂಬ ಹಾನಿಕಾರಕ ಅಂಶ ಹೆಚ್ಚಿದೆ ಎಂದು ಸ್ಪೇನ್ ಸರ್ಕಾರವೇ ಪೋಮೇಸ್ ಎಣ್ಣೆಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿತ್ತು. ಹಿಂಡಿಯನ್ನು ವಿಪರೀತ ಬಿಸಿಯಲ್ಲಿ ಒಣಗಿಸಿದರೆ ಆ ಅಂಶ ಹುಟ್ಟುತ್ತದೆ. ಈಗ ಅದಕ್ಕೆ ಮಿತಿ ಇದೆ, ಪರೀಕ್ಷೆಯೂ ಇದೆ. ಆದ್ದರಿಂದ ಹೆದರಬೇಕಿಲ್ಲ, ಆದರೆ ಆಲಿವ್ ಎಣ್ಣೆಯ ಬೆಲೆ ಅದಕ್ಕೆ ಕೊಡಬೇಡಿ. ಇನ್ನು "ಬ್ಲೆಂಡೆಡ್" ಅಥವಾ "ಮಲ್ಟಿ-ಸೋರ್ಸ್" ಎಡಿಬಲ್ ವೆಜಿಟೇಬಲ್ ಆಯಿಲ್, ಅಂದರೆ ಬೆರಕೆ ಎಣ್ಣೆ, ಎಂದಿದ್ದರೆ ಶೇಕಡಾವಾರು ಪಟ್ಟಿ ನೋಡಲೇಬೇಕು. ನಮ್ಮ ನಿಯಮದ ಪ್ರಕಾರ ಒಂದು ಎಣ್ಣೆ ಶೇ. 20 ಇದ್ದರೂ ಸಾಕು, ಚಿತ್ರ ಮಾತ್ರ ಆಲಿವ್‌ನದೇ ಇರಬಹುದು.

ಇನ್ನು ರಿಫೈನ್ಡ್ ಆಲಿವ್ ಎಣ್ಣೆಯ ಅಡುಗೆ. ನಾಲ್ಕು ಜನರ ಪಲ್ಯಕ್ಕೆ ಎರಡು ಟೀ ಚಮಚ, ಅಂದರೆ 10 ಮಿಲಿ, ಸಾಕು. ಎಣ್ಣೆ ತೆಳುವಾಗಿ ಹರಿದು ಮೇಲ್ಮೈ ಮಿನುಗಲು ಶುರುವಾದಾಗ ಸಾಸಿವೆ ಹಾಕಿ; ಹೊಗೆ ಬರಲಿ ಎಂದು ಕಾಯಬೇಡಿ. ಉತ್ತರ ಭಾರತದಲ್ಲಿ ಘಾಟು ಕಳೆಯಲೆಂದು ಸಾಸಿವೆ ಎಣ್ಣೆಯನ್ನು ಹೊಗೆಯಾಡಿಸುತ್ತಾರೆ, ಇದರಲ್ಲಿ ಕಳೆಯಲು ಘಾಟೇ ಇಲ್ಲ. ತನ್ನದೇ ಪರಿಮಳ ಇಲ್ಲದ್ದರಿಂದ ಇಂಗು, ಕರಿಬೇವು ಇದರಲ್ಲಿ ಸ್ವಚ್ಛವಾಗಿ ಮೇಲೇಳುತ್ತವೆ. ಉಪ್ಪಿಟ್ಟಿಗೆ, ಅವಲಕ್ಕಿಗೆ, ಚಪಾತಿ ಹಿಟ್ಟಿಗೆ ಇದು ಚೆನ್ನಾಗಿ ಹೊಂದುತ್ತದೆ. ದೋಸೆಯ ಕಬ್ಬಿಣದ ಕಾವಲಿಗೆ ಅರ್ಧ ಈರುಳ್ಳಿಯಿಂದ ಸವರಿದಷ್ಟೇ ಸಾಕು. ಜಾಸ್ತಿಯಾದರೆ ಹಿಟ್ಟು ಹರಡದೆ ಸೌಟಿನ ಹಿಂದೆಯೇ ಜಾರಿ ಬರುತ್ತದೆ.

ಎಡವುವುದು ಕರಿಯುವಾಗ. ಹಿಟ್ಟಿನ ತೊಟ್ಟು ಮುಳುಗಿ ಕೂಡಲೇ ತೇಲಿ ಬಂದರೆ ಕಾವು ಸರಿ. ಒಟ್ಟಿಗೆ ಹತ್ತು ಬೋಂಡಾ ಬಿಟ್ಟರೆ ಕಾವು ಧಪ್ಪನೆ ಇಳಿಯುತ್ತದೆ, ಹೊರಪದರ ಗಟ್ಟಿಯಾಗುವ ಮೊದಲೇ ಎಣ್ಣೆ ಒಳಗೆ ಹೋಗುತ್ತದೆ. ಆಗ "ಆಲಿವ್ ಎಣ್ಣೆ ಜಾಸ್ತಿ ಹೀರುತ್ತೆ" ಎಂದು ಎಣ್ಣೆಯನ್ನು ದೂರುತ್ತೇವೆ. ಪ್ರತಿ ಸಲ ಕಾದಾಗಲೂ, ಹಿಟ್ಟಿನ ನೀರು ಬಿದ್ದಾಗಲೂ ಕೊಬ್ಬು ಒಡೆದು ಬಿಡಿ ಆಮ್ಲ ಮತ್ತೆ ಹುಟ್ಟುತ್ತದೆ. ರಿಫೈನರಿಯಲ್ಲಿ ಕಷ್ಟಪಟ್ಟು ತೆಗೆದದ್ದೇ ಇದು. ಅದಕ್ಕೇ ಹಳೆ ಎಣ್ಣೆ ಬೇಗ ಹೊಗೆಯಾಡುತ್ತದೆ. ಆರಿಸಿ, ಬಟ್ಟೆಯಲ್ಲಿ ಸೋಸಿ, ಕೆಲವೇ ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಕರಿದ ಎಣ್ಣೆಗೆ ಹೊಸದು ಸುರಿದು ಮುಂದುವರಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ನೊರೆ ಇಳಿಯದಿದ್ದರೆ, ಅಂಟಂಟಾದರೆ ಚೆಲ್ಲಿಬಿಡಿ. ಕಲಾಯಿ ಹೋದ ಹಿತ್ತಾಳೆ ಬಾಣಲೆಯಲ್ಲಂತೂ ಕರಿಯಲೇಬೇಡಿ, ತಾಮ್ರದ ಅಂಶ ಎಣ್ಣೆಯನ್ನು ಬೇಗ ಕೆಡಿಸುತ್ತದೆ.

ಕೇಕಿಗೆ 100 ಗ್ರಾಂ ಬೆಣ್ಣೆಯ ಬದಲು 80 ಗ್ರಾಂ ಎಣ್ಣೆ, ಜೊತೆಗೆ ಒಂದು ದೊಡ್ಡ ಚಮಚ ಹಾಲು; ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ಎಣ್ಣೆಯಲ್ಲಿ ಇಲ್ಲ. ಬೆಣ್ಣೆ-ಸಕ್ಕರೆ ನೊರೆ ಬರಿಸಿ ಮಾಡುವ ಕೇಕಿಗೆ ಮಾತ್ರ ಈ ಲೆಕ್ಕ ನಡೆಯದು, ಎಣ್ಣೆ ಗಾಳಿ ಹಿಡಿಯುವುದಿಲ್ಲ.

ಎಲ್ಲಕ್ಕೂ ಇದನ್ನೇ ಬಳಸಿ ಎಂದು ನಾನು ಹೇಳಲಾರೆ. ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಎಣ್ಣೆಯೇ ರುಚಿ, ಕರಾವಳಿಯ ಅಡುಗೆಗೆ ಕೊಬ್ಬರಿ ಎಣ್ಣೆ, ಉಪ್ಪಿನಕಾಯಿಗೆ ಎಳ್ಳೆಣ್ಣೆ. ಶೇಂಗಾ ಎಣ್ಣೆಯಲ್ಲೂ ಸುಮಾರು ಅರ್ಧದಷ್ಟು ಓಲಿಯಿಕ್ ಆಮ್ಲವೇ ಇದೆ. ತಿಂಗಳ ಖರ್ಚಿಗೆ ಭಾರವಾದರೆ ಕಾಯಿಸುವುದಕ್ಕೆಲ್ಲ ಶೇಂಗಾ ಎಣ್ಣೆ ಇಟ್ಟುಕೊಂಡು, ಉಳಿದ ದುಡ್ಡಿಗೆ ಸಣ್ಣ ಬಾಟಲಿ ಎಕ್ಸ್‌ಟ್ರಾ ವರ್ಜಿನ್ ತಂದು ಸಲಾಡ್‌ಗೆ, ಬೆಂದ ತರಕಾರಿಗೆ, ಪಾಸ್ತಾಕ್ಕೆ ಮೇಲಿಂದ ಹಾಕಿಕೊಳ್ಳಿ. ತೆಂಗಿನತುರಿ ಹಾಕಿದ ಕೋಸಂಬರಿಗೆ ಬೇಡ, ಅದರ ಕಹಿ ಕಾಯಿಯ ಸಿಹಿಯ ಜೊತೆ ಕೂಡುವುದಿಲ್ಲ.

ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟಿದರೆ ಅಸಲಿ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಹೆಪ್ಪುಗಟ್ಟುವುದು ಕೊಬ್ಬಿನ ಬಗೆ ಮತ್ತು ಮೇಣದ ಪ್ರಮಾಣದ ಮೇಲೆ ನಿಂತಿದೆ, ಕಲಬೆರಕೆಯೂ ಗಟ್ಟಿಯಾಗಬಹುದು. ಐದು ಲೀಟರ್ ಡಬ್ಬ ಅಗ್ಗ ಎಂದು ತಂದು ಒಲೆ ಪಕ್ಕ ಇಡಬೇಡಿ. ಬೆಳಕು, ಬಿಸಿ, ಗಾಳಿ ಮೂರೂ ಎಣ್ಣೆಗೆ ಆಗವು. ಅರ್ಧ ಲೀಟರಿನಷ್ಟು ಬಣ್ಣದ ಗಾಜಿನ ಬಾಟಲಿಗೆ ಬಗ್ಗಿಸಿಕೊಂಡು, ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಕತ್ತಲೆಯ ಕಪಾಟಿನಲ್ಲಿಡಿ. ಬಾಟಲಿ ಖಾಲಿಯಾದಾಗ ಸೋಪಿನಲ್ಲಿ ತೊಳೆದು, ಹನಿ ನೀರೂ ಇಲ್ಲದಂತೆ ಒಣಗಿಸಿದ ಮೇಲೆಯೇ ಮತ್ತೆ ತುಂಬಿಸಿ. ತಳದಲ್ಲಿ ಉಳಿದ ಹಳೆ ಎಣ್ಣೆಯ ಕಮಟು ಹೊಸದಕ್ಕೂ ಹತ್ತುತ್ತದೆ.