ನೆಪೋಲಿಯನ್‌ನನ್ನು ಮೊದಲೇ ಕಂಡವರು ಯಾರೂ ಇರಲಿಲ್ಲ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿನ್ನೆ ರಾತ್ರಿ ಕಳುಹಿಸಿದ ವಿಡಿಯೊವನ್ನು ಸಿಟ್ಟು ತಡೆದುಕೊಂಡು ಕೊನೆಯವರೆಗೂ ನೋಡಿದೆ. ನೆಪೋಲಿಯನ್ನನ ಹುಟ್ಟು, ಏಳಿಗೆ, ಪತನಗಳನ್ನೆಲ್ಲ ಹದಿನಾರನೇ ಶತಮಾನದ ಫ್ರೆಂಚ್ ಜ್ಯೋತಿಷಿ ನಾಸ್ಟ್ರಡಾಮಸ್ ಇನ್ನೂರು ವರ್ಷ ಮೊದಲೇ ಪದ್ಯಗಳಲ್ಲಿ ಬರೆದಿಟ್ಟಿದ್ದನಂತೆ. ‘ಎಲ್ಲವೂ ಮೊದಲೇ ನಿಶ್ಚಯವಾಗಿತ್ತು ಎಂದಾದರೆ ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ನಾವು ಏಕೆ ಓದಿದೆವು ಸರ್?’ ಎಂದು ಹುಡುಗ ಕೇಳಿದ್ದಾನೆ. ಇತಿಹಾಸದ ಪಾಠ ಹೇಳಿಯೇ ಬದುಕಿದವನು ನಾನೆಂಬುದು ನಿಮಗೆ ಗೊತ್ತು. ಆ ಪ್ರಶ್ನೆ ನನ್ನನ್ನು ನೋಯಿಸಿತು.

1555ರಲ್ಲಿ ಲಿಯಾನ್ ನಗರದಲ್ಲಿ ಮೊದಲು ಅಚ್ಚಾದ ನಾಸ್ಟ್ರಡಾಮಸ್‌ನ ಪದ್ಯಗಳ ಪುಸ್ತಕದಲ್ಲಿ, ಇಟಲಿಯ ಸಮೀಪ ಒಬ್ಬ ಚಕ್ರವರ್ತಿ ಹುಟ್ಟುತ್ತಾನೆ, ಸಾಮ್ರಾಜ್ಯ ಅವನಿಗಾಗಿ ದುಬಾರಿ ಬೆಲೆ ತೆರುತ್ತದೆ, ಅವನ ಸಂಗಡಿಗರನ್ನು ಕಂಡ ಜನ ಅವನನ್ನು ರಾಜನಿಗಿಂತ ಹೆಚ್ಚಾಗಿ ಕಟುಕನೆಂದು ಕರೆಯುತ್ತಾರೆ ಎಂಬ ಪದ್ಯವಿರುವುದು ನಿಜ. ನೆಪೋಲಿಯನ್ ಇಟಲಿಗೆ ಹತ್ತಿರದ ಕಾರ್ಸಿಕಾ ದ್ವೀಪದಲ್ಲಿ 1769ರಲ್ಲಿ ಹುಟ್ಟಿದ್ದೂ ನಿಜ. ಆದರೆ ಆ ಪದ್ಯದಲ್ಲಿ ಹೆಸರಿಲ್ಲ, ವರ್ಷವಿಲ್ಲ, ದ್ವೀಪದ ಸುಳಿವೂ ಇಲ್ಲ. ಫ್ರಾನ್ಸಿನ ದೊರೆಗಳೂ ಹ್ಯಾಬ್ಸ್‌ಬರ್ಗ್ ಮನೆತನದವರೂ ಇಟಲಿಯ ನೆಲಕ್ಕಾಗಿ ದಶಕಗಳಿಂದ ಬಡಿದಾಡುತ್ತಿದ್ದ, ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನಿಕರು 1527ರಲ್ಲಿ ರೋಮ್ ನಗರವನ್ನೇ ಸೂರೆಗೈದಿದ್ದ ಕಾಲದಲ್ಲಿ ಬದುಕಿದ್ದವನು ಚಕ್ರವರ್ತಿ, ಇಟಲಿ, ರಕ್ತಪಾತ ಇವುಗಳ ಬಗ್ಗೆ ಬರೆಯಲು ಭವಿಷ್ಯವನ್ನು ಕಾಣಬೇಕಾಗಿರಲಿಲ್ಲ.

ಇನ್ನೊಂದು ಪದ್ಯದ ಕಥೆಯನ್ನಂತೂ ಎಲ್ಲರೂ ತಿಳಿಯಬೇಕು. ಸಾಮಾನ್ಯ ಸೈನಿಕನೊಬ್ಬ ಸಾಮ್ರಾಜ್ಯಕ್ಕೇರುತ್ತಾನೆ, ಗಿಡ್ಡ ನಿಲುವಂಗಿಯಿಂದ ಉದ್ದ ನಿಲುವಂಗಿಗೆ ಬರುತ್ತಾನೆ ಎನ್ನುವ ಈ ಸಾಲುಗಳು ನೆಪೋಲಿಯನ್ನನಲ್ಲದೆ ಬೇರೆ ಯಾರವೂ ಆಗಿರಲಾರವು ಎಂದು ವಿಡಿಯೊದ ನಿರೂಪಕರು ಗಟ್ಟಿಯಾಗಿ ಹೇಳಿದರು. ಆದರೆ 1672ರಲ್ಲೇ ಈ ಪದ್ಯಗಳನ್ನು ಇಂಗ್ಲಿಷಿಗೆ ತಂದು ಟಿಪ್ಪಣಿ ಬರೆದ ವೈದ್ಯ ಗ್ಯಾರೆನ್ಸಿಯೇರ್, ಇದು ರಾಜನಿಲ್ಲದ ಇಂಗ್ಲೆಂಡನ್ನು ಆಳಿದ ಸೇನಾನಾಯಕ ಆಲಿವರ್ ಕ್ರಾಮ್‌ವೆಲ್‌ಗೆ ಒಪ್ಪುವಷ್ಟು ಚೆನ್ನಾಗಿ ಬೇರೆ ಯಾರಿಗೂ ಒಪ್ಪುವುದಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದ. ಆಗ ನೆಪೋಲಿಯನ್ ಹುಟ್ಟಲು ಇನ್ನೂ 97 ವರ್ಷಗಳಿದ್ದವು. ಆ ವೈದ್ಯನಿಗೂ ಇಷ್ಟೇ ಖಾತ್ರಿಯಿತ್ತು, ಈ ನಿರೂಪಕರಿಗೂ ಇಷ್ಟೇ ಖಾತ್ರಿಯಿದೆ. ಯಾರ ಮೈಗಾದರೂ ಹೊಂದುವ ದೊಗಳೆ ಅಂಗಿಯನ್ನು ಒಬ್ಬನ ಅಳತೆಗೇ ಹೊಲಿದದ್ದೆಂದು ನಂಬುವುದು ಹೇಗೆ?

ಮತ್ತೊಂದು ಪದ್ಯದಲ್ಲಿ ಬರುವ ಪೋ, ನೇ, ಲೋರಾನ್ ಎಂಬ ಮೂರು ಹೆಸರುಗಳ ಅಕ್ಷರಗಳನ್ನು ಕಲಸಿ ‘ನೆಪೋಲಿಯನ್ ರಾಜ’ ಎಂದು ಓದುವವರೂ ಇದ್ದಾರೆ. ಪೋ, ನೇ, ಒಲೋರಾನ್ ಇವು ಫ್ರಾನ್ಸಿನ ನೈಋತ್ಯದಲ್ಲಿ ಇಂದಿಗೂ ಇರುವ ಊರುಗಳು, ಅದೇ ಪದ್ಯದ ಕೊನೆಯಲ್ಲಿ ಬರುವ ಡ್ಯುರಾನ್ಸ್ ಒಂದು ನದಿ. ಊರುಗಳ ಹೆಸರನ್ನು ಊರುಗಳೆಂದೇ ಓದಿದರೆ ಸಾಕು.

ಇಷ್ಟೊಂದು ಪದ್ಯಗಳು ಒಬ್ಬನಿಗೇ ಒಪ್ಪುವುದು ಕಾಕತಾಳೀಯವೇ ಎಂದು ನೀವು ಕೇಳಬಹುದು. ಯುದ್ಧ, ಬರ, ಪಿಡುಗು, ರಾಜರ ಸಾವುಗಳಿಂದ ತುಂಬಿದ 942 ಚೌಪದಿಗಳಲ್ಲಿ ಹೆಚ್ಚಿನವಕ್ಕೆ ಇಸವಿಯೇ ಇಲ್ಲದಿರುವಾಗ ಒಂದೂ ಒಪ್ಪದೆ ಹೋಗುವುದೇ ಆಶ್ಚರ್ಯದ ಸಂಗತಿಯಾಗುತ್ತಿತ್ತು. 1799ರ ನವೆಂಬರಿನಲ್ಲಿ ನೆಪೋಲಿಯನ್ ಅಧಿಕಾರ ಕಸಿದುಕೊಳ್ಳುವ ಮೊದಲು ಈ ಪದ್ಯಗಳನ್ನು ಓದಿ ‘ಕಾರ್ಸಿಕಾದ ಫಿರಂಗಿದಳದ ಅಧಿಕಾರಿಯೊಬ್ಬ ಫ್ರಾನ್ಸನ್ನು ಆಳುತ್ತಾನೆ’ ಎಂದು ಬರೆದಿಟ್ಟ ಒಬ್ಬನನ್ನು ತೋರಿಸಿ. ಎಲ್ಲ ವ್ಯಾಖ್ಯಾನಗಳೂ ಘಟನೆ ನಡೆದ ಮೇಲೆಯೇ ಏಕೆ ಹುಟ್ಟುತ್ತವೆ?

ಇದೊಂದು ನಿರುಪದ್ರವಿ ಕುತೂಹಲ, ಬಿಟ್ಟುಬಿಡಿ ಎನ್ನುವ ಸ್ನೇಹಿತರ ಮಾತನ್ನು ನಾನು ಒಪ್ಪಲಾರೆ. ಕುಲೀನ ಅಧಿಕಾರಿಗಳು ದೇಶ ಬಿಟ್ಟು ಓಡಿದ್ದರಿಂದ ಕ್ರಾಂತಿಯ ಸೇನೆಯಲ್ಲಿ ಮೇಲಿನ ಸ್ಥಾನಗಳು ತೆರವಾದವು. ತೂಲೋನ್ ಬಂದರಿನ ಮುತ್ತಿಗೆಯಲ್ಲಿ ಫಿರಂಗಿಗಳನ್ನು ಎಲ್ಲಿಡಬೇಕೆಂದು ಬಲ್ಲ ನೆಪೋಲಿಯನ್ 1793ರ ಕೊನೆಗೆ, 24ನೇ ವಯಸ್ಸಿನಲ್ಲೇ, ಜನರಲ್ ಆದ. ಕ್ರಾಂತಿ ರದ್ದುಪಡಿಸಿದ್ದ ಗುಲಾಮಗಿರಿಯನ್ನು 1802ರಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಕಾನೂನಿನ ಮೂಲಕ ಮತ್ತೆ ಊರ್ಜಿತಗೊಳಿಸಿದ್ದು ಅವನೇ. 1812ರಲ್ಲಿ ಸುಮಾರು 6 ಲಕ್ಷ ಸೈನಿಕರನ್ನು ರಷ್ಯಾದೆಡೆಗೆ ನಡೆಸಿ, ಅವರಲ್ಲಿ ಬಹುಪಾಲು ಜನರನ್ನು ಕಳೆದುಕೊಂಡವನೂ ಅವನೇ. ಇವೆಲ್ಲ ಹಳೆಯ ಪದ್ಯದಲ್ಲೇ ಇದ್ದವು ಎಂದರೆ ಆ ಆಜ್ಞೆಗಳಿಗೆ ಸಹಿ ಹಾಕಿದ ಕೈಗೆ ಯಾವ ಹೊಣೆಯೂ ಉಳಿಯುವುದಿಲ್ಲ. ಹಸಿವಿನಿಂದ, ಚಳಿಯಿಂದ ಸತ್ತವರ ಮುಂದೆ ನಿಂತು ‘ಇದು ನಿಮ್ಮ ಹಣೆಬರಹ’ ಎಂದಂತಾಗುತ್ತದೆ. ಇದು ನನಗೆ ಅಸಹ್ಯವೆನಿಸುತ್ತದೆ.

ನಮ್ಮ ನೆಲದವರೂ ಈ ಕಥೆಯಲ್ಲಿದ್ದಾರೆ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪು ಸುಲ್ತಾನನಿಗೆ, ಬ್ರಿಟಿಷರ ನೊಗದಿಂದ ಬಿಡಿಸಲು ಬಯಸುವುದಾಗಿ ಪತ್ರ ಬರೆದ. ಅದು ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹತನಾದ. ಕೋಟೆ ಬಿದ್ದ ಮೇಲೆ ಆ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನ ಎದುರು ನಿಂತ. ಈ ಪತ್ರ ಹೇಗೆ ಸಿಕ್ಕಿಬಿತ್ತು, ಸಿಕ್ಕದೆ ಹೋಗಿದ್ದರೂ ನೆರವಿನ ಸೈನ್ಯ ಇಲ್ಲಿಗೆ ತಲುಪಬಹುದಿತ್ತೇ, ಟಿಪ್ಪುವಿಗೆ ಬೇರೆ ಯಾವ ದಾರಿಗಳಿದ್ದವು ಎಂದು ಹುಡುಗರ ಜೊತೆ ಕುಳಿತು ಗಂಟೆಗಟ್ಟಲೆ ಚರ್ಚಿಸಲು ನಾನು ಸಿದ್ಧನಿದ್ದೇನೆ.