ನಂದಿಬೆಟ್ಟದ ಬುಡದಲ್ಲೇ ವಾಹನ ನಿಲ್ಲಲಿ

ನಂದಿಬೆಟ್ಟಕ್ಕೆ ಖಾಸಗಿ ವಾಹನ ಹತ್ತುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಹಳ ವರ್ಷಗಳಿಂದ ಮುಂಬಯಿಯಲ್ಲಿ ನೆಲೆಸಿರುವ ನಾನು ಬೆಂಗಳೂರಿನ ಜಯನಗರದ ಮನೆಗೆ ಬಂದಾಗಲೆಲ್ಲ ನೆಂಟರಿಷ್ಟರ ಬಾಯಲ್ಲಿ ಒಂದೇ ಮಾತು ಕೇಳುತ್ತೇನೆ: ಶನಿವಾರ, ಭಾನುವಾರ ನಂದಿಗೆ ಹೋಗುವುದಾದರೆ ನಸುಕಿನ ನಾಲ್ಕಕ್ಕೇ ಮನೆ ಬಿಡಬೇಕು, ತಡವಾದರೆ ಸೂರ್ಯ ಹುಟ್ಟುವುದನ್ನು ಗೇಟಿನ ಮುಂದಿನ ಸಾಲಿನಲ್ಲೇ ನೋಡಬೇಕು.

ಕಳೆದ ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿನ ಲುಸರ್ನ್‌ಗೆ ಹೋಗಿದ್ದಾಗ ಒಂದು ದಿನವನ್ನು ರೀಗಿ ಪರ್ವತಕ್ಕೆ ಮೀಸಲಿಟ್ಟಿದ್ದೆವು. ರೈಲು ನಿಲ್ದಾಣದ ಎದುರಿನ ಕಟ್ಟೆಯಲ್ಲಿ ಹಡಗು ಹತ್ತಿ, ಸರೋವರದ ಮೇಲೆ ಸುಮಾರು ಒಂದು ತಾಸು ಸಾಗಿ ಫಿಟ್ಸ್‌ನೌ ಎಂಬ ಊರಿನಲ್ಲಿ ಇಳಿದರೆ, ಪಕ್ಕದಲ್ಲೇ ಬೆಟ್ಟದ ಕೆಂಪು ರೈಲು ಕಾದಿರುತ್ತದೆ. ನಿಕ್ಲಾಸ್ ರಿಗ್ಗನ್‌ಬಾಖ್ ಎಂಬ ಎಂಜಿನಿಯರ್ ಯೋಜಿಸಿದ, 1871ರಲ್ಲಿ ಓಡಾಟ ಆರಂಭಿಸಿದ ಈ ರೈಲು ಯುರೋಪಿನ ಮೊದಲ ಪರ್ವತ ರೈಲು. ಎರಡು ಹಳಿಗಳ ನಡುವೆ ಏಣಿಯಂತೆ ಮಲಗಿಸಿದ ಕಬ್ಬಿಣದ ಪಟ್ಟಿಯನ್ನು ಗಾಡಿಯಡಿಯ ಹಲ್ಲುಚಕ್ರ ಕಚ್ಚಿ ಹಿಡಿದು ಏರುತ್ತದೆ. ಊಟಿ ರೈಲಿನಲ್ಲಿ ಕಲ್ಲಾರ್‌ನಿಂದ ಕೂನೂರಿನವರೆಗೆ ಹೋದವರಿಗೆ ಇಂಥ ಏರ್ಪಾಡು ಹೊಸದೇನಲ್ಲ.

ಅರ್ಧ ತಾಸಿನಲ್ಲಿ ನಾವು 1,798 ಮೀಟರ್ ಎತ್ತರದ ಶಿಖರದ ಹತ್ತಿರವಿದ್ದೆವು. ಮಂಡಿನೋವಿನಿಂದಾಗಿ ಮನೆಯ ಮೆಟ್ಟಿಲಿಗೂ ಅಂಜುವ ಅಮ್ಮ ಅಲ್ಲಿನ ಬೆಂಚಿನ ಮೇಲೆ ಕುಳಿತು, ಕೆಳಗೆ ಹರಡಿದ್ದ ಸರೋವರಗಳನ್ನು ನೋಡುತ್ತ, ಸ್ಟೀಲ್ ಡಬ್ಬಿ ತೆರೆದು ಚಪಾತಿಗೆ ಚಟ್ನಿಪುಡಿ ಹಚ್ಚಿ ನನಗೂ ಕೊಟ್ಟರು. ಸುತ್ತಲಿದ್ದ ಸ್ಥಳೀಯರೂ ಮನೆಯಿಂದ ತಂದ ಬ್ರೆಡ್ಡು, ಚೀಸು ಬಿಚ್ಚಿಕೊಂಡಿದ್ದರು. ತಿಂದು ಮುಗಿಸಿದ ಮೇಲೆ ಕಾಗದದ ಚೂರನ್ನೂ ಬಿಡದೆ ಚೀಲಕ್ಕೆ ಹಾಕಿಕೊಂಡು ಎದ್ದರು. ನಡೆಯುವ ಹಾದಿ ಕವಲೊಡೆಯುವ ಕಡೆ ಹಳದಿ ಫಲಕಗಳಿದ್ದವು. ಮುಂದಿನ ತಾಣ ತಲುಪಲು ಎಷ್ಟು ನಿಮಿಷ ಬೇಕು ಎಂಬುದನ್ನು ಅವು ಹೇಳುತ್ತಿದ್ದುದರಿಂದ, ತನ್ನ ಕಾಲಿಗೆ ಎಷ್ಟು ದೂರ ಸಾಧ್ಯ ಎಂಬುದನ್ನು ಅಮ್ಮನೇ ನಿರ್ಧರಿಸಿದರು. ಅಷ್ಟು ಜನರಿದ್ದರೂ ಹಾರ್ನ್ ಸದ್ದಿರಲಿಲ್ಲ, ವಾಹನ ನಿಲ್ಲಿಸುವ ಜಾಗಕ್ಕಾಗಿ ಜಗಳವಿರಲಿಲ್ಲ.

ಅಲ್ಲಿನ ಟಿಕೆಟ್ ದರ ನಮ್ಮ ಮಧ್ಯಮ ವರ್ಗಕ್ಕೆ ಭಾರವೇ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಹಡಗು, ರೈಲು ಎರಡೂ ಅದರಲ್ಲೇ ಸೇರುತ್ತವೆಯಾದರೂ ಆ ಪಾಸೇನೂ ಅಗ್ಗವಲ್ಲ. ಆದರೆ ಇಂಥ ಶಿಸ್ತು ಸಿರಿವಂತ ದೇಶಗಳಿಗೆ ಮಾತ್ರ ಸಾಧ್ಯ ಎನ್ನುವವರು ಮುಂಬಯಿಯ ಸಮೀಪದ ಗಿರಿಧಾಮ ಮಾಥೇರಾನ್‌ಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿ ಪ್ರವಾಸಿಗರ ಕಾರುಗಳೆಲ್ಲ ಊರಿನ ಹೊರಗಿನ ದಸ್ತೂರಿ ನಾಕಾದಲ್ಲೇ ನಿಲ್ಲುತ್ತವೆ. ಮುಂದೆ ಹೆಚ್ಚಾಗಿ ನಡಿಗೆ, ಕುದುರೆ, ಇಲ್ಲವೇ ಬೆಟ್ಟದ ಬುಡದ ನೇರಳ್‌ನಿಂದ 1907ರಲ್ಲಿ ಶುರುವಾದ ಪುಟ್ಟ ರೈಲು. ಕೆಮ್ಮಣ್ಣಿನ ಆ ದಾರಿಗಳಲ್ಲಿ ಮಕ್ಕಳು ತಂದೆತಾಯಿಯ ಕೈಬಿಟ್ಟು ಓಡಾಡುವುದನ್ನು ಕಂಡಾಗಲೆಲ್ಲ ನನಗೆ ನಮ್ಮ ನಂದಿ ನೆನಪಾಗುತ್ತದೆ.

ನಂದಿಗೆ ಏನು ಕಡಿಮೆಯಿದೆ? ಎತ್ತರ 1,478 ಮೀಟರ್, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಬುಡದಲ್ಲಿ ಒಂಬತ್ತನೆಯ ಶತಮಾನದಷ್ಟು ಹಿಂದಿನ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ, ನಡುವೆ ಕೋಟೆ. ಸುಲ್ತಾನ್‌ಪೇಟೆಯ ಕಡೆಯಿಂದ ಮೆಟ್ಟಿಲುದಾರಿಯೂ ಇದೆ. ರೀಗಿಯಲ್ಲಿ ಇಷ್ಟು ಹಳೆಯ ಬದುಕಿನ ಗುರುತುಗಳು ನನಗೆ ಕಾಣಲಿಲ್ಲ. ಆದರೂ ಇಂದು ನಂದಿ ಹೆಚ್ಚಾಗಿ ಒಲಿಯುವುದು ಸ್ವಂತ ಕಾರು, ಬೈಕು ಉಳ್ಳವರಿಗೆ, ಅದರಲ್ಲೂ ನಿದ್ದೆಗೆಡಬಲ್ಲ ಹರೆಯದವರಿಗೆ. ನನ್ನ ಅಮ್ಮನಂಥವರು, ಕೈಗೂಸಿನ ತಾಯಂದಿರು, ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ಬರುವ ಸಂಸಾರಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬೆಟ್ಟದ ಮಣ್ಣೂ ಗಟ್ಟಿಯೇನಲ್ಲ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ರಸ್ತೆ ಹಾಳಾಗಿ, ತಿಂಗಳುಗಟ್ಟಲೆ ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ.

ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆ ನಡೆದಿದೆ. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ರಸ್ತೆಯನ್ನು ಕಾರುಗಳಿಗೆ ತೆರೆದೇ ಇಟ್ಟು ರೋಪ್‌ವೇಯನ್ನೂ ಓಡಿಸಿದರೆ ಮೇಲಿನ ಜನಸಂದಣಿ ಹೆಚ್ಚಾದೀತೇ ಹೊರತು ಬೆಟ್ಟಕ್ಕೆ ಬಿಡುವು ಸಿಗದು. ರೋಪ್‌ವೇಗಾಗಿ ಕಾಯಬೇಕಾದ ಅಗತ್ಯವೂ ಇಲ್ಲ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ರೈಲು ನಿಲ್ದಾಣ ಈಗಲೇ ಇದೆ, ಭೋಗನಂದೀಶ್ವರ ಗುಡಿ ಅದರಿಂದ ದೂರವಿಲ್ಲ. ವಾರಾಂತ್ಯದ ಬೆಳಗ್ಗೆ ಬೆಂಗಳೂರಿನಿಂದ ಆ ನಿಲ್ದಾಣಕ್ಕೆ ಒಂದೆರಡು ಹೆಚ್ಚುವರಿ ರೈಲುಗಳನ್ನು ಓಡಿಸಿ, ರೈಲು ಬರುವ ಹೊತ್ತಿಗೆ ಸರಿಯಾಗಿ ಬೆಟ್ಟದ ಮಿನಿಬಸ್ಸುಗಳನ್ನು ಹೊರಗೆ ನಿಲ್ಲಿಸಿ, ಮೂರಕ್ಕೂ ಸೇರಿ ಒಂದೇ ಟಿಕೆಟ್ ಕೊಡಲಿ: ಹೋಗುವ ರೈಲು, ಬೆಟ್ಟದ ಬಸ್ಸು, ಸಂಜೆ ಮರಳುವ ರೈಲು. ಕಾರು ತಂದವರು ಬುಡದಲ್ಲಿ ನಿಲ್ಲಿಸಿ ಅದೇ ಬಸ್ಸು ಹತ್ತಲಿ. ಪ್ರವಾಸೋದ್ಯಮ ಇಲಾಖೆ, ರೈಲ್ವೆ ಮತ್ತು ಸಾರಿಗೆ ನಿಗಮದವರು ಒಟ್ಟಿಗೆ ಕುಳಿತು ಮೂರು ತಿಂಗಳ ಮಟ್ಟಿಗಾದರೂ, ಶನಿವಾರ ಮತ್ತು ಭಾನುವಾರ ಮಾತ್ರ, ಇದನ್ನು ನಡೆಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.