ಫ್ರಿಜ್ ಐಸ್ ಕೆರೆಯೋಕೆ ಚಾಕು ಹಿಡಿಯೋ ಮುಂಚೆ

ಅಡುಗೆ ಗ್ಯಾಸ್ ಸ್ವಲ್ಪ ಸೋರಿದರೂ ಮೂಗಿಗೆ ಬಡಿಯುತ್ತದೆ. ಆ ವಾಸನೆ ಗ್ಯಾಸ್‌ನದ್ದಲ್ಲ, ಸೋರಿದರೆ ಗೊತ್ತಾಗಲಿ ಅಂತ ಬೇಕೆಂದೇ ಸೇರಿಸಿರುತ್ತಾರೆ. ಅದೇ ಜಾತಿಯ ಗ್ಯಾಸ್ ಈಗ ತಂಪು ಮಾಡಲು ನಮ್ಮ ಫ್ರಿಜ್‌ನಲ್ಲೂ ಇದೆ. ಫ್ರಿಜ್ ಹಿಂಭಾಗದಲ್ಲಿ ಕಂಪ್ರೆಸರ್ ಹತ್ತಿರದ ಸ್ಟಿಕ್ಕರ್ ನೋಡಿ. ಆರ್-600ಎ ಅಂತಿದ್ದರೆ ಅದು ಐಸೊಬ್ಯುಟೇನ್. ಕೆಲವು ಎಸಿಗಳಲ್ಲಿರುವ ಆರ್-290 ಅಂದರೆ ಪ್ರೊಪೇನ್. ಇವಕ್ಕೆ ಸಾಮಾನ್ಯವಾಗಿ ವಾಸನೆ ಸೇರಿಸಿರುವುದಿಲ್ಲ.

ಹಾಗಂತ ಫ್ರಿಜ್ ಆಚೆ ಎಸೆಯಬೇಕಿಲ್ಲ. ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇಟ್ಟುಕೊಂಡು ಬದುಕುವವರು ನಾವು. ಫ್ರಿಜ್‌ನಲ್ಲಿರುವುದು 50 ಗ್ರಾಂ ಆಸುಪಾಸು. ಈ ಗ್ಯಾಸ್ ಬಂದಿದ್ದಕ್ಕೆ ಒಳ್ಳೆಯ ಕಾರಣವೂ ಇದೆ. ಎಸಿಗಳಲ್ಲಿದ್ದ ಹಳೆಯ ಆರ್-22 ಗ್ಯಾಸ್ ಓಝೋನ್ ಪದರ ಹಾಳುಮಾಡಿತು. ಆಮೇಲೆ ಬಂದ ಆರ್-410ಎ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಜಾಸ್ತಿ ಭೂಮಿ ಬಿಸಿ ಮಾಡುತ್ತದೆ. ಪ್ರೊಪೇನ್‌ಗೆ ಆ ಲೆಕ್ಕ ಬರೀ 3.

ನನ್ನ ತಕರಾರು ಇರುವುದು ಗ್ಯಾಸ್ ಮೇಲಲ್ಲ, ಹಳೇ ಅಭ್ಯಾಸಗಳ ಮೇಲೆ.

ಮೊದಲು ನಮ್ಮದೇ ಅಭ್ಯಾಸ. ಸಿಂಗಲ್ ಡೋರ್ ಫ್ರಿಜ್‌ನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾದರೆ ಏನು ಮಾಡುತ್ತೇವೆ? ಚಾಕು ತಗೊಂಡು ಕೆರೆಯುತ್ತೇವೆ, ಅಲ್ವಾ? ಆ ಅಲ್ಯೂಮಿನಿಯಂ ಗೋಡೆಯಲ್ಲೇ ಗ್ಯಾಸ್ ಓಡಾಡುವ ದಾರಿ ಇರುತ್ತದೆ. ತೂತಾದರೆ ಗ್ಯಾಸ್ ಬರುವುದು ಫ್ರಿಜ್ ಒಳಕ್ಕೇ. ಅಡುಗೆಮನೆಗೆಲ್ಲ ಹರಡಿದರೆ 50 ಗ್ರಾಂ ಏನೂ ಅಲ್ಲ. ಬಾಗಿಲು ಮುಚ್ಚಿದ 300 ಲೀಟರ್ ಜಾಗದಲ್ಲಿ ಹೊತ್ತಿಕೊಳ್ಳಲು ಸುಮಾರು 13 ಗ್ರಾಂ ಸಾಕು. ಆಮೇಲೆ ಥರ್ಮೋಸ್ಟಾಟ್‌ನಲ್ಲೋ ಲೈಟ್ ಸ್ವಿಚ್‌ನಲ್ಲೋ ಒಂದು ಕಿಡಿ. ಸ್ವಿಚ್ ಆಫ್ ಮಾಡಿ, ಬಾಗಿಲು ತೆಗೆದಿಟ್ಟು ಕರಗಲು ಬಿಡುವುದಕ್ಕೆ ಏನು ಕಷ್ಟ?

ಇನ್ನು ರಿಪೇರಿ. ಹಳೇ ಗ್ಯಾಸ್ ಹೀಗೆ ಹೊತ್ತಿಕೊಳ್ಳುತ್ತಿರಲಿಲ್ಲ. ಪೈಪ್‌ನಲ್ಲಿ ಉಳಿದಿದ್ದನ್ನು ಸುಮ್ನೆ ಆಚೆ ಬಿಟ್ಟು, ಟಾರ್ಚ್ ಹಚ್ಚಿ ವೆಲ್ಡಿಂಗ್‌ಗೆ ಕೂರುತ್ತಿದ್ದರು. ಈಗಲೂ ಹಾಗೇ ಕೂರುತ್ತಾರೆ. ನಮ್ಮ ಏರಿಯಾದ ಮೆಕ್ಯಾನಿಕ್‌ಗೆ ಕೇಳಿದೆ, "ಅಣ್ಣಾ, ಇದರಲ್ಲಿ ಯಾವ ಗ್ಯಾಸ್?" "ಎಲ್ಲಾ ಒಂದೇ ಸಾರ್, ಕೂಲಿಂಗ್ ಬಂದ್ರೆ ಆಯ್ತಲ್ಲ" ಅಂದರು. ಒಳ್ಳೆ ಕೆಲಸಗಾರ, ಕೈ ಚುರುಕು. ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಲೀಕ್ ನೋಡಲು ನೈಟ್ರೋಜನ್ ಬದಲು ಆಕ್ಸಿಜನ್ ಹಾಕುವವರೂ ಇದ್ದಾರೆ. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಯಾವ ಗ್ಯಾಸ್ ಇದ್ದರೂ ಸಿಡಿಯಬಹುದು.

ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಜಿಲೆಂಡ್‌ನ ತಮಹೆರೆ ಊರಿನ ಕೋಲ್ಡ್ ಸ್ಟೋರೇಜ್ ನೋಡಿ. 2008ರ ಏಪ್ರಿಲ್ 5ರಂದು ಅಲಾರಂ ಬಂತು ಅಂತ 8 ಅಗ್ನಿಶಾಮಕ ಸಿಬ್ಬಂದಿ ಹೋದರು. ಒಳಗಿದ್ದದ್ದು ಹೆಚ್ಚುಕಡಿಮೆ ಪ್ರೊಪೇನ್, ಸುಮಾರು 400 ಕೆಜಿ. ವಾಸನೆ ಸೇರಿಸಿರಲಿಲ್ಲ. ಸೋರಿಕೆ ಹಿಡಿಯುವ ಸೆನ್ಸರ್ ಇರಲಿಲ್ಲ. ಅಲ್ಲಿ ಇಂಥ ಗ್ಯಾಸ್ ಇದೆ ಅಂತ ಹೋದವರಿಗೆ ಗೊತ್ತೇ ಇರಲಿಲ್ಲ. ಸಿಡಿಯಿತು. ಒಬ್ಬರು ತೀರಿಕೊಂಡರು, ಉಳಿದ 7 ಮಂದಿಗೂ ಗಾಯ. ಒಂದು ಬೋರ್ಡ್ ಇದ್ದಿದ್ದರೆ ಅವರು ದೂರದಲ್ಲೇ ನಿಲ್ಲುತ್ತಿದ್ದರೋ ಏನೋ.

ನನ್ನನ್ನು ಕೇಳಿದರೆ, ಈ ಗ್ಯಾಸ್‌ನ ಫ್ರಿಜ್, ಎಸಿ ಮಾರುವ ಕಂಪನಿಗಳು ತಮ್ಮ ಸರ್ವಿಸ್ ಸೆಂಟರ್‌ನವರಿಗೆ ಮಾತ್ರ ಕಲಿಸಿದರೆ ಸಾಲದು. ವಾರಂಟಿ ಮುಗಿದ ಮೇಲೆ ನಾವು ಕರೆಯುವುದು ಬೀದಿ ಕೊನೆಯ ಅಂಗಡಿಯವರನ್ನೇ. ಅವರಿಗೂ ಕಲಿಸಬೇಕು. ಇನ್ನು ಹಳೇ ಆರ್-22 ಎಸಿಗೆ ಯಾರಾದರೂ ಪ್ರೊಪೇನ್ ತುಂಬಿಸ್ತೀನಿ, ಕರೆಂಟ್ ಬಿಲ್ ಕಮ್ಮಿ ಬರುತ್ತೆ ಅಂದರೆ ಬೇಡ ಅನ್ನಿ. ಆ ಎಸಿಯ ಸ್ವಿಚ್ಚು, ವೈರಿಂಗ್ ಯಾವುದೂ ಆ ಗ್ಯಾಸ್‌ಗೆ ಅಂತ ಮಾಡಿದ್ದಲ್ಲ. ನೈಟ್ರೋಜನ್ ಟೆಸ್ಟ್‌ಗೆ ಬೇರೆ ಚಾರ್ಜ್ ಆಗುತ್ತೆ ಅಂದರೆ ಮಾತ್ರ ಚೌಕಾಸಿ ಮಾಡದೆ ಕೊಟ್ಟುಬಿಡಿ.